ಹಕ್ಕಿ ಸರ್ಕಾರದ್ದು, ಹೊಲ ರೈತನದು: ಅಮೆರಿಕದ ಬೇಟೆಗಾರರ ನೆಲದ ಹುಡುಕಾಟ

ಅಮೆರಿಕದ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 20ರಂದು ಒಂದು ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ನ್ಯಾಯಾಲಯ ಕಾರಣ ನೀಡಲಿಲ್ಲ. ಇಂತಹ ಆದೇಶಗಳಿಗೆ ಅದು ಸಾಮಾನ್ಯವಾಗಿ ಕಾರಣ ನೀಡುವುದೂ ಇಲ್ಲ. ಆದರೆ ಆ ಪುಟ್ಟ ಆದೇಶದಿಂದ ಆರು ರಾಜ್ಯಗಳಲ್ಲಿ, ಸುತ್ತಲೂ ಖಾಸಗಿ ಜಮೀನು ಇದ್ದ ಕಾರಣಕ್ಕೆ ಯಾರಿಗೂ ಎಟುಕದೆ ಉಳಿದಿದ್ದ ಅಪಾರ ಸರ್ಕಾರಿ ಭೂಮಿಗೆ ಜನಸಾಮಾನ್ಯರು ಕಾಲಿಡುವ ಹಾದಿ ತೆರೆದುಕೊಂಡಿದೆ. ಅದಕ್ಕೆ ಎರಡೇ ದಿನ ಮೊದಲು ಸೌತ್ ಡಕೋಟಾ ರಾಜ್ಯದಲ್ಲಿ ಫೆಸೆಂಟ್ ಹಕ್ಕಿಯ ಬೇಟೆಯ ಋತು ಆರಂಭವಾಗಿತ್ತು. ಈ ಎರಡು ಸಂಗತಿಗಳ ಹಿಂದೆ ಇರುವ ಪ್ರಶ್ನೆ ಒಂದೇ: ಬೇಟೆಗಾರನ ಕೈಯಲ್ಲಿ ಪರವಾನಗಿ ಇದೆ, ಹೆಗಲಲ್ಲಿ ಬಂದೂಕಿದೆ, ಅವನು ಹೋಗಬೇಕಾದದ್ದು ಎಲ್ಲಿಗೆ?

ಬೇಟೆ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಅರಸರ ಕಾಲದ ಛಾಯಾಚಿತ್ರಗಳು, ಇಲ್ಲವೇ ಅರಣ್ಯ ಇಲಾಖೆಯ ಮೊಕದ್ದಮೆಗಳು. ಅಮೆರಿಕದಲ್ಲಿ ಅದು, 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ, 1.44 ಕೋಟಿ ಜನರ ಹವ್ಯಾಸ. ಬೇಟೆಯನ್ನು ಒಪ್ಪದವರೂ ಈ ನೆಲದ ಜಗಳವನ್ನು ಗಮನಿಸುವುದು ಒಳಿತು. ಏಕೆಂದರೆ ಅಲ್ಲಿ ಇತ್ಯರ್ಥವಾಗುತ್ತಿರುವುದು ಹಕ್ಕಿಯ ಸಾವು ಮಾತ್ರವಲ್ಲ, ಹುಲ್ಲುಗಾವಲಿನ ಉಳಿವೂ ಹೌದು.

ಮೊದಲು ಒಂದು ಮೂಲಭೂತ ಸಂಗತಿ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಸಾಂಪ್ರದಾಯಿಕವಾಗಿ ಜಮೀನಿನ ಒಡೆತನದೊಂದಿಗೆ ಬರುತ್ತದೆ. ಅಮೆರಿಕ ಆ ಪದ್ಧತಿಯನ್ನು ಉದ್ದೇಶಪೂರ್ವಕವಾಗಿಯೇ ಕೈಬಿಟ್ಟಿತು. ಅಲ್ಲಿ ವನ್ಯಜೀವಿಗಳು ಸಾರ್ವಜನಿಕರ ಸ್ವತ್ತು. ಸರ್ಕಾರ ಅವುಗಳ ಧರ್ಮದರ್ಶಿ. 1896ರಲ್ಲಿ ಕನೆಕ್ಟಿಕಟ್ ರಾಜ್ಯದ ಹಕ್ಕಿಗಳ ಸಾಗಣೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆ ತೀರ್ಪನ್ನು 1979ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿದರೂ ಧರ್ಮದರ್ಶಿತ್ವದ ಕಲ್ಪನೆ ಅಳಿದಿಲ್ಲ. ಪರಿಣಾಮವಾಗಿ ರೈತನ ಜೋಳದ ಹೊಲದಲ್ಲಿ ಮರಿ ಮಾಡಿದ ಹಕ್ಕಿ ರೈತನದಲ್ಲ. ಆದರೆ ಆ ಹೊಲಕ್ಕೆ ಕಾಲಿಡಲು ರೈತನ ಅಪ್ಪಣೆ ಬೇಕು. ಹಕ್ಕಿಯ ಒಡೆಯ ಒಬ್ಬ, ಬೇಲಿಯ ಒಡೆಯ ಇನ್ನೊಬ್ಬ. ತಕರಾರಿನ ಮೂಲ ಇಲ್ಲಿದೆ.

ಚದುರಂಗದ ಹಾಸಿನ ಮೇಲೆ ಏಣಿ

ದೇಶದ ಒಟ್ಟು ಭೂಮಿಯಲ್ಲಿ ಶೇ 28ರಷ್ಟು, ಅಂದರೆ ಸುಮಾರು 64 ಕೋಟಿ ಎಕರೆ, ಕೇಂದ್ರ ಸರ್ಕಾರದ ಒಡೆತನದಲ್ಲಿದೆ. ಇದರ ಬಹುಪಾಲು ಇರುವುದು ಪಶ್ಚಿಮದ ರಾಜ್ಯಗಳಲ್ಲಿ. ನೆವಾಡ ರಾಜ್ಯದಲ್ಲಂತೂ ಶೇ 80ರಷ್ಟು ನೆಲ ಕೇಂದ್ರದ್ದೇ. ಅಲ್ಲಿನ ಬರಡು ಗುಡ್ಡಗಳಲ್ಲಿ ಬೇಟೆಗಾರರು ಬೆನ್ನಟ್ಟುವ ಹಕ್ಕಿಯ ಹೆಸರು ಚುಕಾರ್. ಕನ್ನಡ ಕಾವ್ಯದ ಪರಿಚಯವುಳ್ಳವರಿಗೆ ಇದು ಹೊಸ ಹೆಸರಲ್ಲ: ಬೆಳದಿಂಗಳನ್ನೇ ಉಂಡು ಬದುಕುತ್ತದೆಂದು ಕವಿಗಳು ನಂಬಿದ್ದ ಚಕೋರವೇ ಈ ಚುಕಾರ್. 1893ರಲ್ಲಿ ಅಂದಿನ ಬ್ರಿಟಿಷ್ ಭಾರತದ ಕರಾಚಿಯಿಂದ ಮೊದಲ ಬಾರಿಗೆ ಅಮೆರಿಕಕ್ಕೆ ಸಾಗಿಸಲಾದ ಈ ಹಕ್ಕಿ ಹಲವು ರಾಜ್ಯಗಳಲ್ಲಿ ನೆಲೆ ಕಾಣದೆ ಹೋಯಿತು. ಆದರೆ ನೆವಾಡದ ಕಲ್ಲುಬಂಡೆಗಳ ನಡುವೆ ಬೇರೂರಿ, 1947ರ ಹೊತ್ತಿಗೆ ಬೇಟೆಗೆ ಋತು ಘೋಷಿಸುವಷ್ಟು ಹೆಚ್ಚಿತು. ಬೆಳದಿಂಗಳಿನ ಬದಲು ಅಲ್ಲಿ ಅದು ತಿನ್ನುವುದು, ತನ್ನಂತೆಯೇ ಹೊರದೇಶದಿಂದ ಬಂದು ಹಬ್ಬಿದ ಒಂದು ಕಳೆಹುಲ್ಲನ್ನು.

ನೆವಾಡದ ಬೇಟೆಗಾರನಿಗೆ ಸ್ಥಳದ ಚಿಂತೆ ಕಡಿಮೆ. ಕಾಲಿನ ಕಸುವೊಂದಿದ್ದರೆ ಸಾಕು. ವಯೋಮಿಂಗ್, ಮೊಂಟಾನ ರಾಜ್ಯಗಳಲ್ಲಿ ಪರಿಸ್ಥಿತಿ ಬೇರೆ. 1862ರ ರೈಲ್ವೆ ಕಾಯ್ದೆಯಡಿ ಹಳಿಯ ಇಕ್ಕೆಲಗಳಲ್ಲಿ ಒಂದು ಚದರ ಮೈಲಿಯ ಚೌಕಗಳನ್ನು ಒಂದು ಬಿಟ್ಟು ಒಂದರಂತೆ ರೈಲ್ವೆ ಕಂಪನಿಗಳಿಗೆ ನೀಡಲಾಯಿತು. ಉಳಿದ ಚೌಕಗಳು ಸರ್ಕಾರದಲ್ಲಿಯೇ ಉಳಿದವು. ನಕ್ಷೆ ಚದುರಂಗದ ಹಾಸಿನಂತಾಯಿತು. ಬಿಳಿ ಮನೆಗಳು ಖಾಸಗಿ, ಕಪ್ಪು ಮನೆಗಳು ಸರ್ಕಾರಿ ಎಂದುಕೊಳ್ಳೋಣ. ಕಪ್ಪಿನಿಂದ ಕಪ್ಪಿಗೆ ಹೋಗಬೇಕಾದರೆ ಮೂಲೆಯಿಂದ ಮೂಲೆಗೆ ದಾಟಬೇಕು. ಕಾಲು ಸರ್ಕಾರಿ ನೆಲದ ಮೇಲೆಯೇ ಬೀಳುತ್ತದೆ. ಆದರೆ ದಾಟುವ ಕ್ಷಣದಲ್ಲಿ ಭುಜ ಬಿಳಿ ಮನೆಯ ಆಕಾಶದಲ್ಲಿ ಹಾದುಹೋಗುತ್ತದೆ. ಇದು ಅತಿಕ್ರಮ ಪ್ರವೇಶವೇ?

ಮಿಸೌರಿ ರಾಜ್ಯದಿಂದ ಬಂದ ನಾಲ್ವರು ಬೇಟೆಗಾರರು 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಉಕ್ಕಿನ ಏಣಿಯೊಂದನ್ನು ಮೂಲೆಯ ಮೇಲೆ ನಿಲ್ಲಿಸಿ ದಾಟಿದರು. ಅವರು ಬೆನ್ನಟ್ಟಿದ್ದು ಹಕ್ಕಿಯನ್ನಲ್ಲ, ಎಲ್ಕ್ ಜಿಂಕೆಯನ್ನು. ಆದರೆ ತೀರ್ಪು ಅನ್ವಯವಾಗುವುದು ಎಲ್ಲರಿಗೂ. ಖಾಸಗಿ ಚೌಕಗಳ ಒಡೆತನ ಹೊಂದಿದ್ದ ಐರನ್ ಬಾರ್ ಹೋಲ್ಡಿಂಗ್ಸ್ ಸಂಸ್ಥೆ 70 ಲಕ್ಷ ಡಾಲರ್‌ಗೂ ಮೀರಿದ ನಷ್ಟದ ಲೆಕ್ಕವನ್ನು ನ್ಯಾಯಾಲಯದ ಮುಂದಿಟ್ಟಿತು. ಈ ಬೇಟೆಗಾರರು ಹುಲ್ಲುಕಡ್ಡಿಯನ್ನೂ ಮುರಿದಿರಲಿಲ್ಲ. ಹಾಗಾದರೆ ನಷ್ಟ ಎಲ್ಲಿಯದು? ಸರ್ಕಾರಿ ಚೌಕಗಳಿಗೆ ಬೇರಾರೂ ಬರಲಾರರು ಎಂಬ ಭರವಸೆಯೇ ಜಮೀನಿನ ಬೆಲೆಯ ಒಂದು ಭಾಗವಾಗಿತ್ತು. ಆ ಭರವಸೆ ಕಳೆದುಹೋಗುವುದೇ ನಷ್ಟ. ಜನರ ಆಸ್ತಿಯನ್ನು ಖಾಸಗಿ ಆಸ್ತಿಯಂತೆ ಅನುಭವಿಸುವುದಕ್ಕೂ ಬೆಲೆ ಕಟ್ಟಲಾಗಿತ್ತು ಎಂಬುದನ್ನು ಆ ವಾದವೇ ಬಹಿರಂಗಪಡಿಸಿತು.

2022ರಲ್ಲಿ ಸ್ಥಳೀಯ ಜ್ಯೂರಿ ಬೇಟೆಗಾರರನ್ನು ಕ್ರಿಮಿನಲ್ ಆರೋಪದಿಂದ ಮುಕ್ತಗೊಳಿಸಿತು. ಸಿವಿಲ್ ಮೊಕದ್ದಮೆಯಲ್ಲಿ 2025ರ ಮಾರ್ಚ್ 18ರಂದು ಹತ್ತನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿ ತೀರ್ಪಿತ್ತಿತು. ಆಧಾರವಾಗಿ ಹಿಡಿದದ್ದು 1885ರ ಒಂದು ಕಾಯ್ದೆಯನ್ನು: ದನಗಾಹಿ ದೊರೆಗಳು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಸುತ್ತುವುದನ್ನು ತಡೆಯಲೆಂದೇ ಅಂದು ರೂಪಿಸಿದ್ದ ಶಾಸನ. ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸದ ಕಾರಣ ಆ ತೀರ್ಪು ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಒಕ್ಲಹೋಮಗಳಲ್ಲಿ ಊರ್ಜಿತವಾಗಿದೆ. ಮೂಲೆಗಳಲ್ಲಿ ಸಿಲುಕಿದ ಸಾರ್ವಜನಿಕ ಭೂಮಿ ಪಶ್ಚಿಮದ ರಾಜ್ಯಗಳಲ್ಲಿ ಒಟ್ಟು 83 ಲಕ್ಷ ಎಕರೆ ಎಂದು ಬೇಟೆಗಾರರಿಗೆ ಮೊಬೈಲ್ ನಕ್ಷೆ ಒದಗಿಸುವ ಆನ್‌ಎಕ್ಸ್ ಕಂಪನಿ 2022ರಲ್ಲಿ ಲೆಕ್ಕ ಹಾಕಿತ್ತು. ಒಂದು ಮಾತು ಇಲ್ಲಿ ಹೇಳಲೇಬೇಕು: ಇಂತಹ ನಕ್ಷೆಗಳು ಬರುವ ಮೊದಲು ಆ ಮೂಲೆ ನಿಖರವಾಗಿ ಎಲ್ಲಿದೆ ಎಂಬುದೇ ಬಹುತೇಕರಿಗೆ ಗೊತ್ತಾಗುತ್ತಿರಲಿಲ್ಲ. ತಂತ್ರಜ್ಞಾನ ಜಗಳವನ್ನು ಹುಟ್ಟಿಸಲಿಲ್ಲ, ಆದರೆ ಅದನ್ನು ಅಡಿ-ಅಂಗುಲದ ಮಟ್ಟಕ್ಕೆ ತಂದಿಟ್ಟಿತು.

ಹುಲ್ಲಿಗೆ ಬಾಡಿಗೆ

ಮಧ್ಯದ ಬಯಲುಸೀಮೆಯಲ್ಲಿ ಸರ್ಕಾರಿ ಭೂಮಿಯೇ ವಿರಳ. ಕಾನ್ಸಸ್ ರಾಜ್ಯದ ಶೇ 97ಕ್ಕೂ ಹೆಚ್ಚು ನೆಲ ಖಾಸಗಿಯವರದು. ಫೆಸೆಂಟ್ ಬೇಟೆಯ ರಾಜಧಾನಿ ಎನಿಸಿದ ಸೌತ್ ಡಕೋಟಾದಲ್ಲೂ ಬಹುಪಾಲು ಹೊಲ, ಹುಲ್ಲುಗಾವಲು ರೈತರ ಕೈಯಲ್ಲಿದೆ. ಇಲ್ಲಿಯ ಫೆಸೆಂಟ್ ಕೂಡ ವಲಸಿಗನೇ. ಶಾಂಘೈನಲ್ಲಿ ಅಮೆರಿಕದ ರಾಜತಾಂತ್ರಿಕನಾಗಿದ್ದ ಓವೆನ್ ಡೆನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಆರೆಗಾನ್‌ಗೆ ಕಳುಹಿಸಿದ ಹಕ್ಕಿಗಳಿಂದ ಅದರ ಯಶಸ್ವಿ ನೆಲೆಸುವಿಕೆ ಆರಂಭವಾಯಿತು. ಇಂದು ಅದು ಸೌತ್ ಡಕೋಟಾದ ರಾಜ್ಯಪಕ್ಷಿ. ದಿನಕ್ಕೆ ಮೂರು ಗಂಡು ಹಕ್ಕಿಗಳನ್ನು ಹೊಡೆಯಲು ಅನುಮತಿ, ಹೆಣ್ಣನ್ನು ಮುಟ್ಟುವಂತಿಲ್ಲ.

ಹಿಂದೆ ಬೇಟೆಗಾರರು ರೈತನ ಮನೆಬಾಗಿಲು ತಟ್ಟಿ, ನಾಲ್ಕು ಮಾತಾಡಿ, ಅನುಮತಿ ಪಡೆಯುತ್ತಿದ್ದರು. ಆ ರೂಢಿ ಸಂಪೂರ್ಣ ನಿಂತಿಲ್ಲವಾದರೂ ದಿನಕ್ಕೆ ನೂರಾರು ಡಾಲರ್ ಶುಲ್ಕ ಪಡೆದು, ಸಾಕಿದ ಹಕ್ಕಿಗಳನ್ನು ಬಿಟ್ಟು ಬೇಟೆಯಾಡಿಸುವ ಖಾಸಗಿ ತಾಣಗಳು ಅದನ್ನು ಹಿಂದಕ್ಕೆ ತಳ್ಳಿವೆ. ಹಣವಿಲ್ಲದವನಿಗೆ ಉಳಿದ ದಾರಿಗಳಲ್ಲಿ ಒಂದು ಅಕ್ಷರಶಃ ದಾರಿಯೇ: ಸೌತ್ ಡಕೋಟಾದಲ್ಲಿ ರಸ್ತೆ ಮತ್ತು ಬೇಲಿಯ ನಡುವಣ ಹುಲ್ಲಿನ ಕಾಲುವೆಯಲ್ಲಿ, ಮನೆ-ದನಗಳಿಂದ ನಿಗದಿತ ದೂರ ಕಾಯ್ದುಕೊಂಡು, ಬೇಟೆಯಾಡಲು ಕಾನೂನು ಅವಕಾಶ ನೀಡುತ್ತದೆ.

ಇನ್ನೊಂದು ದಾರಿಯನ್ನು ಸರ್ಕಾರಗಳು ನಿರ್ಮಿಸಿವೆ. ರೈತನಿಗೆ ಹಣ ಕೊಟ್ಟು ಅವನ ಜಮೀನನ್ನು ಋತುವಿನ ಮಟ್ಟಿಗೆ ಸಾರ್ವಜನಿಕರಿಗೆ ತೆರೆಯುವ ವ್ಯವಸ್ಥೆ ಇದು. ಮೊಂಟಾನ 1985ರಲ್ಲಿ, ಕಾನ್ಸಸ್ 1995ರಲ್ಲಿ ಇದನ್ನು ಆರಂಭಿಸಿದವು. ನಾರ್ತ್ ಡಕೋಟಾದ ಹೊಲಗಳಂಚಿನಲ್ಲಿ ಕಾಣುವ ತಲೆಕೆಳಗಾದ ಹಳದಿ ತ್ರಿಕೋನ ಫಲಕಗಳು ಇದೇ ಬಗೆಯ ಯೋಜನೆಯವು. ಕಾನ್ಸಸ್‌ನಲ್ಲಿ ಹೀಗೆ ತೆರೆದ ಭೂಮಿ ಹತ್ತು ಲಕ್ಷ ಎಕರೆಗೂ ಮೀರಿದೆ. ಇಂತಹ ರಾಜ್ಯ ಯೋಜನೆಗಳಿಗೆ ಬೆಂಬಲವಾಗಿ 2018ರ ಕೇಂದ್ರ ಕೃಷಿ ಕಾಯ್ದೆ 5 ಕೋಟಿ ಡಾಲರ್ ಒದಗಿಸಿತು. ಪ್ರವೇಶದ ಹಕ್ಕನ್ನು ಕಸಿದುಕೊಳ್ಳದೆ ಬಾಡಿಗೆಗೆ ಪಡೆಯುವ ಈ ಕ್ರಮ ಎರಡೂ ಕಡೆಯವರಿಗೆ ಒಪ್ಪಿಗೆಯಾಗಿದೆ ಎಂಬುದು ಗಮನಾರ್ಹ.

ಆದರೆ ಹೊಲ ತೆರೆದರೆ ಸಾಲದು, ಅಲ್ಲಿ ಹಕ್ಕಿ ಇರಬೇಕಲ್ಲ? ಹಕ್ಕಿಗೆ ಬೇಕಾದದ್ದು ಹುಲ್ಲು. 1985ರಲ್ಲಿ ಜಾರಿಗೆ ಬಂದ ಭೂ ಸಂರಕ್ಷಣಾ ಮೀಸಲು ಯೋಜನೆಯಡಿ ರೈತರು 10ರಿಂದ 15 ವರ್ಷಗಳ ಕರಾರಿನ ಮೇಲೆ ದುರ್ಬಲ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟರೆ ಸರ್ಕಾರ ವಾರ್ಷಿಕ ಬಾಡಿಗೆ ಕೊಡುತ್ತದೆ. 2007ರಲ್ಲಿ ಈ ಭೂಮಿ 3.68 ಕೋಟಿ ಎಕರೆಗೆ ಏರಿತ್ತು. ಅದೇ ವರ್ಷ ಸೌತ್ ಡಕೋಟಾದಲ್ಲಿ ಬೇಟೆಗೆ ಮುನ್ನ ಸುಮಾರು 1.2 ಕೋಟಿ ಫೆಸೆಂಟ್‌ಗಳಿದ್ದವೆಂದು ಅಂದಾಜು. ಬಳಿಕ ಎಥನಾಲ್ ಬೇಡಿಕೆಯಿಂದ ಮೆಕ್ಕೆಜೋಳದ ಬೆಲೆ ಏರಿತು. ಕರಾರು ಮುಗಿದ ರೈತರು ಮತ್ತೆ ನೇಗಿಲು ಹೂಡಿದರು. 2020ರ ಹೊತ್ತಿಗೆ ಮೀಸಲು ಭೂಮಿ 2.2 ಕೋಟಿ ಎಕರೆಯ ಆಸುಪಾಸಿಗೆ ಇಳಿದಿತ್ತು. ಈ ನಡುವೆ 2013ರ ಸಮೀಕ್ಷೆಯಲ್ಲಿ ಸೌತ್ ಡಕೋಟಾದ ಫೆಸೆಂಟ್ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇ 64ರಷ್ಟು ಕುಸಿಯಿತು. ಬರ ಮತ್ತು ಪ್ರತಿಕೂಲ ವಸಂತದ ಪಾಲೂ ಅದರಲ್ಲಿತ್ತು, ಎಲ್ಲವನ್ನೂ ನೇಗಿಲಿನ ತಲೆಗೆ ಕಟ್ಟಲಾಗದು. ರಾಜ್ಯದ ಗವರ್ನರ್ ಹ್ಯೂರನ್ ಪಟ್ಟಣದಲ್ಲಿ ಫೆಸೆಂಟ್ ನೆಲೆಗಳ ಬಗ್ಗೆಯೇ ಒಂದು ಸಮಾವೇಶ ಕರೆಯಬೇಕಾಯಿತು.

ನಂತರ ನಡೆದದ್ದು ಕುತೂಹಲಕರ. 2020ರಲ್ಲಿ ಆ ರಾಜ್ಯ ದಶಕಗಳಿಂದ ನಡೆದುಬಂದಿದ್ದ ವಾರ್ಷಿಕ ಹಕ್ಕಿ ಎಣಿಕೆಯನ್ನೇ ನಿಲ್ಲಿಸಿತು. ಕೆಟ್ಟ ಅಂಕಿಅಂಶ ಪ್ರಕಟವಾದರೆ ಹೊರರಾಜ್ಯದ ಬೇಟೆಗಾರರು ಬರುವುದಿಲ್ಲ, ಪ್ರವಾಸೋದ್ಯಮಕ್ಕೆ ಪೆಟ್ಟು ಬೀಳುತ್ತದೆ ಎಂಬ ಆತಂಕ ಇದರ ಹಿಂದಿತ್ತು. ಜ್ವರ ಇಳಿಯದಿದ್ದರೆ ಥರ್ಮಾಮೀಟರನ್ನು ಕಪಾಟಿನಲ್ಲಿಟ್ಟಂತಾಯಿತು.

ಈ ವ್ಯವಸ್ಥೆಯಲ್ಲಿ ಬೇಟೆಗಾರನೇ ಹಣ ಕೊಡುವವನೂ ಹೌದು. 1937ರ ಕಾಯ್ದೆಯಂತೆ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ತಯಾರಕರಿಂದ ವಸೂಲಾಗುವ ಶೇ 11ರ ಅಬಕಾರಿ ಸುಂಕ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. 1934ರಿಂದ ಬಾತು ಬೇಟೆಗಾರರು ಪ್ರತಿವರ್ಷ ಒಂದು ವಿಶೇಷ ಅಂಚೆಚೀಟಿ ಖರೀದಿಸುವುದು ಕಡ್ಡಾಯ. ಮೊದಲ ಚೀಟಿಯ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಜೆ.ಎನ್. ಡಾರ್ಲಿಂಗ್. ಅಂದು ಒಂದು ಡಾಲರ್ ಇದ್ದ ಬೆಲೆ 2015ರಿಂದ 25 ಡಾಲರ್. ಈ ಹಣದಿಂದ ಇದುವರೆಗೆ ಸುಮಾರು 60 ಲಕ್ಷ ಎಕರೆ ಜೌಗು ಮತ್ತು ಹುಲ್ಲುಗಾವಲು ಸಂರಕ್ಷಣೆಗೆ ಒಳಪಟ್ಟಿದೆ. ಅದರಲ್ಲಿ ಬೇಟೆಗೆ ತೆರೆದಿರುವ ಕೆರೆ-ಕುಂಟೆಗಳೂ ಸೇರಿವೆ. ಕೊಲ್ಲುವವನೇ ಕಾಯುವ ಈ ವೈರುಧ್ಯವನ್ನು ನೈತಿಕವಾಗಿ ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಲೆಕ್ಕಪುಸ್ತಕ ಮಾತ್ರ ಅದನ್ನೇ ಹೇಳುತ್ತದೆ.

ಬೇಟೆಗಾರರ ರಾಜಕೀಯ ಬಲವೂ ಈಚೆಗೆ ಪ್ರಕಟವಾಯಿತು. 2025ರ ಜೂನ್‌ನಲ್ಲಿ ಯೂಟಾದ ರಿಪಬ್ಲಿಕನ್ ಸೆನೆಟರ್ ಮೈಕ್ ಲೀ, ಪಶ್ಚಿಮದ 11 ರಾಜ್ಯಗಳಲ್ಲಿ 20ರಿಂದ 30 ಲಕ್ಷ ಎಕರೆ ಕೇಂದ್ರ ಭೂಮಿಯನ್ನು ವಸತಿ ನಿರ್ಮಾಣದ ಹೆಸರಿನಲ್ಲಿ ಮಾರುವ ಪ್ರಸ್ತಾಪವನ್ನು ಬಜೆಟ್ ಮಸೂದೆಗೆ ಸೇರಿಸಿದರು. ಪರಿಸರವಾದಿಗಳು ವಿರೋಧಿಸಿದ್ದು ನಿರೀಕ್ಷಿತವೇ. ಆದರೆ ಅವರ ಜೊತೆಗೆ ಬೇಟೆಗಾರರ ಸಂಘಟನೆಗಳೂ, ಅವರ ಮತಗಳನ್ನು ನೆಚ್ಚಿಕೊಂಡಿರುವ ರಿಪಬ್ಲಿಕನ್ ಸಂಸದರೂ ನಿಂತರು. ಜೂನ್ 28ರಂದು ಪ್ರಸ್ತಾಪ ಹಿಂತೆಗೆಯಲಾಯಿತು.

ನಮ್ಮಲ್ಲಿ ಪರಿಸ್ಥಿತಿ ತದ್ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಪರವಾನಗಿಯ ಮೇಲೆ ಕೆಲವು ಬಗೆಯ ಬೇಟೆಗೆ ಅವಕಾಶ ಇಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಗೌಜಲಕ್ಕಿಗೆ ಉರುಳು ಹಾಕುವುದು ಇಂದು ಅಪರಾಧ. ಅದು ಸರಿಯಾದ ನಿರ್ಧಾರವೇ ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಗೌಜಲಕ್ಕಿಯ ಹುಲ್ಲಿಗೆ ಬಾಡಿಗೆ ಕೊಡುವವರು ನಮ್ಮಲ್ಲಿ ಯಾರು? ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ದನಿ ಎತ್ತಿದವರು ಮುಖ್ಯವಾಗಿ ಕುರಿಗಾಹಿಗಳು ಮತ್ತು ಕೆಲವು ಪರಿಸರ ಕಾರ್ಯಕರ್ತರು. ಕೋಟಿಗಟ್ಟಲೆ ಪರವಾನಗಿದಾರರ ಬೆಂಬಲ ಅವರ ಹಿಂದೆ ಇರಲಿಲ್ಲ. ಬಂದೂಕು ಕೆಳಗಿಳಿದ ಮೇಲೆ ಹಕ್ಕಿಯ ಪರವಾಗಿ ಹಣ ಹೂಡುವ, ಮತ ಹಾಕುವ ವರ್ಗವೊಂದು ನಮ್ಮಲ್ಲಿ ರೂಪುಗೊಳ್ಳಲೇ ಇಲ್ಲ. ಹುಲ್ಲುಗಾವಲನ್ನು ಇಂದಿಗೂ ದಾಖಲೆಗಳಲ್ಲಿ ಬಂಜರು ಎಂದೇ ಕರೆಯುವ ಅಭ್ಯಾಸ ಇದಕ್ಕೆ ಇಂಬು ಕೊಟ್ಟಿದೆ.

ಅಮೆರಿಕದಲ್ಲಿಯೂ ಮೂಲೆ ದಾಟುವ ವಿವಾದ ಪೂರ್ಣವಾಗಿ ಬಗೆಹರಿದಿಲ್ಲ. ಮೊಂಟಾನ, ನೆವಾಡ, ಐಡಾಹೊ ರಾಜ್ಯಗಳು ಒಂಬತ್ತನೇ ಸರ್ಕೀಟ್‌ನ ವ್ಯಾಪ್ತಿಯಲ್ಲಿರುವುದರಿಂದ ಹತ್ತನೇ ಸರ್ಕೀಟ್‌ನ ತೀರ್ಪು ಅಲ್ಲಿ ಬಂಧಕವಲ್ಲ. ತೀರ್ಪು ತನ್ನ ರಾಜ್ಯಕ್ಕೆ ಅನ್ವಯಿಸದು, ಮೂಲೆ ದಾಟುವುದು ಕಾನೂನುಬಾಹಿರವಾಗಿಯೇ ಉಳಿದಿದೆ ಎಂದು ಮೊಂಟಾನದ ವನ್ಯಜೀವಿ ಇಲಾಖೆ ಹೇಳಿದೆ. ವಯೋಮಿಂಗ್‌ನಲ್ಲಿ ಏಣಿ ಹತ್ತಿ ದಾಟಿದವನು ನಿರಪರಾಧಿ. ರಾಜ್ಯದ ಗಡಿಯ ಆಚೆ ಅದೇ ಏಣಿ ಹತ್ತಿದವನ ಮೇಲೆ ಮೊಕದ್ದಮೆ ಬೀಳಬಹುದು.