ಕಬ್ಬಿನ ಹೊಲದೊಳಗ ಟ್ಯಾಂಕಿಗೆ ಕಣ್ಣಿಲ್ಲ

ಯುದ್ಧದ ವಿಡಿಯೋ ಗೇಮು ಮಾರುವವರಿಗೆ ಒಂದು ಶಬ್ದದ ಮೇಲೆ ಬಹಳ ಪ್ರೀತಿ: ‘ರಿಯಲಿಸ್ಟಿಕ್’. ಟ್ಯಾಂಕಿನ ರಿವೆಟ್ಟು ಎಣಿಸಿ ಕೂಡಿಸಿದ್ದೇವೆ, ಉಕ್ಕಿನ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಾಕಿದ್ದೇವೆ ಅಂತಾರೆ. ಇರಲಿ, ಮಾಡ್ಯಾರ, ಕೆಲಸ ಚಂದ ಐತಿ. ನಾನು ಕೇಳೋದು ಒಂದೇ ಪ್ರಶ್ನೆ. ಟ್ಯಾಂಕಿನ ಮಗ್ಗುಲಿಗೇ ಒಬ್ಬ ಕಾಲಾಳು ಬಂದು ನಿಂತರೆ ಒಳಗಿದ್ದವರು ಏನು ಮಾಡ್ತಾರ? ಬಹಳಷ್ಟು ಗೇಮುಗಳ ಹತ್ತಿರ ಇದಕ್ಕೆ ಉತ್ತರ ಇಲ್ಲ. ಹಂಗಾಗಿ ಅವು ಹೇಳಿಕೊಳ್ಳುವ ‘ರಿಯಲಿಸ್ಟಿಕ್’ ಸುಳ್ಳು ಅಂತ ನನ್ನ ವಾದ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳ್ತೀನಿ. ನಿಡಸೋಸಿ, ಸಂಕೇಶ್ವರ, ಹುಕ್ಕೇರಿ ಸುತ್ತಮುತ್ತ ಕಟಾವಿಗೆ ಬಂದ ಕಬ್ಬಿನ ಹೊಲದೊಳಗೆ ಒಮ್ಮೆ ನಿಂತು ನೋಡ್ರಿ. ನಾಲ್ಕು ಸಾಲು ಆಚೆ ನಿಂತ ಮನುಷ್ಯ ಕಾಣೋದಿಲ್ಲ. ರವದಿಯ ಸಪ್ಪಳ ಕೇಳಿಯೇ ಯಾರೋ ಬಂದರು ಅಂತ ತಿಳೀಬೇಕು. ಈಗ ಅದೇ ಹೊಲದೊಳಗೆ ಒಂದು ಕಬ್ಬಿಣದ ಡಬ್ಬಿಯಲ್ಲಿ ಕೂತಿದ್ದೀರಿ ಅಂತ ತಿಳಕೊಳ್ರಿ. ಎಂಜಿನ್ ಗದ್ದಲಕ್ಕೆ ರವದಿ ಸಪ್ಪಳವೂ ಕೇಳೋದಿಲ್ಲ. ಹೊರಗೆ ನೋಡಲು ಇರೋದು ಅಂಗೈ ಅಗಲದ ಗಾಜಿನ ಪಟ್ಟಿ. ಟ್ಯಾಂಕಿನೊಳಗಿನ ಬದುಕು ಅಂದರೆ ಇದು. ಮೇಲಾಗಿ ದೊಡ್ಡ ತೋಪನ್ನು ಒಂದು ಮಿತಿಗಿಂತ ಕೆಳಗೆ ಬಗ್ಗಿಸಲಿಕ್ಕೆ ಬರೋದಿಲ್ಲ. ದೂರದ ಟ್ಯಾಂಕನ್ನು ಒಡೆಯಬಲ್ಲ ತೋಪಿಗೆ ತನ್ನ ಪಟ್ಟಿಯ ಪಕ್ಕದಲ್ಲಿ ಬಗ್ಗಿ ಕೂತವನನ್ನು ಮುಟ್ಟಲಾಗದು. ಟ್ಯಾಂಕಿನ ಸುತ್ತ ಕೆಲವು ಮೀಟರ್ ಜಾಗ ಅದರದೇ ಕುರುಡು ಜಾಗ.

ಆ ಕುರುಡು ಜಾಗಕ್ಕಾಗಿಯೇ ಎರಡನೇ ಮಹಾಯುದ್ಧದಲ್ಲಿ ಸಣ್ಣ ಸಣ್ಣ ಆಯುಧಗಳು ಹುಟ್ಟಿದವು. ಜರ್ಮನ್ನರ ಟೈಗರ್ ಟ್ಯಾಂಕಿನ ಮೈಮೇಲೆ 1943ರಲ್ಲಿ ಎಸ್-ಮೈನ್ ಎಸೆಯುವ ಕೊಳವೆಗಳನ್ನು ಕೂಡಿಸಿದರು. ಆಮೇಲೆ ಟರೆಟ್ಟಿನ ಮಾಡಿನಲ್ಲಿ ತೂತು ಕೊರೆದು ‘ನಾಹ್‌ಫೆರ್ಟೈಡಿಗುಂಗ್ಸ್‌ವಾಫೆ’ ಎಂಬ ಗಿಡ್ಡ ಕೊಳವೆ ಹಾಕಿದರು. ಹೆಸರು ಹೇಳಿ ಮುಗಿಸೋದರೊಳಗೆ ಶತ್ರು ಟ್ಯಾಂಕು ಹತ್ತಿರುತ್ತಾನೆ, ಆದರೆ ಕೆಲಸ ಸರಳ. ಒಳಗೆ ಕೂತೇ ಹೊಗೆಬಾಂಬನ್ನೋ ಸಿಡಿಗುಂಡನ್ನೋ ತುಂಬಿ, ಸುತ್ತ ಯಾವ ದಿಕ್ಕಿಗಾದರೂ ತಿರುಗಿಸಿ, ಹತ್ತಿರ ಬಂದವರ ಮೇಲೆ ಹಾರಿಸೋದು. ಬ್ರಿಟಿಷರು ಮತ್ತು ಅಮೆರಿಕನ್ನರು ಟರೆಟ್ಟಿನಲ್ಲಿ 2 ಇಂಚಿನ ಹೊಗೆ ಮಾರ್ಟರ್ ಇಟ್ಟರು. ಶರ್ಮನ್ ಟ್ಯಾಂಕಿನ ಟರೆಟ್ಟಿನ ಮಗ್ಗುಲಿಗೆ ಪಿಸ್ತೂಲು ಕಿಂಡಿ ಇತ್ತು. ಇವೆಲ್ಲದರ ಜೊತೆಗೆ ಟ್ಯಾಂಕಿನವರ ಹತ್ತಿರ ಪಿಸ್ತೂಲು, ಗಿಡ್ಡ ಮಷಿನ್‌ಗನ್ ಇರುತ್ತಿದ್ದವು.

ಈ ಆಯುಧಗಳ ನಿಜವಾದ ಚರಿತ್ರೆ ಇನ್ನೂ ಸ್ವಾರಸ್ಯ. ಜರ್ಮನ್ನರ ಆ ಉದ್ದ ಹೆಸರಿನ ಕೊಳವೆ ಸಾಕಷ್ಟು ತಯಾರಾಗಲೇ ಇಲ್ಲ. ಎಷ್ಟೋ ಟ್ಯಾಂಕುಗಳು ಆ ತೂತಿಗೆ ಒಂದು ತಗಡಿನ ಮುಚ್ಚಳ ಬಿಗಿಸಿಕೊಂಡು ಕಾರ್ಖಾನೆಯಿಂದ ಹೊರಬಿದ್ದವು. ಶರ್ಮನ್ನಿನ ಪಿಸ್ತೂಲು ಕಿಂಡಿಯಿಂದ ಕವಚ ದುರ್ಬಲ ಆಗುತ್ತದೆ ಅಂತ 1943ರಲ್ಲಿ ಅದನ್ನು ತೆಗೆದರು. ಸ್ವಲ್ಪ ದಿನಕ್ಕೆ ಮತ್ತೆ ತಂದರು. ಯಾಕಂದ್ರ ಒಳಗಿನವರಿಗೆ ಅದು ಪಿಸ್ತೂಲು ಹಾರಿಸೋದಕ್ಕಿಂತ ಹೆಚ್ಚಾಗಿ ಖಾಲಿ ಕಾರ್ತೂಸು ಹೊರಗೆ ಎಸೆಯಲಿಕ್ಕೆ, ಮದ್ದುಗುಂಡು ಒಳಗೆ ತಗೊಳ್ಳಲಿಕ್ಕೆ ಬೇಕಾಗಿತ್ತು. ನಮ್ಮ ಮನೆಯ ಹಿತ್ತಲ ಬಾಗಿಲು ಇದ್ದಂಗ. ಇನ್ನು ಜರ್ಮನ್ನರ ಫರ್ಡಿನಾಂಡ್ 65 ಟನ್ ಭಾರದ ಭೂತ. 1943ರ ಜುಲೈನಲ್ಲಿ ಕುರ್ಸ್ಕ್ ಕದನಕ್ಕೆ ಇಳಿದಾಗ ಅದರ ಮುಂಭಾಗದಲ್ಲಿ ಒಂದು ಮಷಿನ್‌ಗನ್ ಇರಲಿಲ್ಲ. ಆಮೇಲೆ ದುರಸ್ತಿಗೆ ಬಂದಾಗ ಅದನ್ನು ಕೂಡಿಸಿದರು.

ಈ ಗಡಿಬಿಡಿ, ಈ ಕೊರತೆ, ಈ ಹೆದರಿಕೆ ನಿಜವಾದ ಯುದ್ಧದ್ದು. ಗೇಮಿನೊಳಗೆ ಇದರ ಗುರುತು ಎಲ್ಲಿದೆ ಹೇಳ್ರಿ? ‘ವರ್ಲ್ಡ್ ಆಫ್ ಟ್ಯಾಂಕ್ಸ್’ ತಗೊಳ್ರಿ. ಅದರ ಮೈದಾನದಲ್ಲಿ ಕಾಲಾಳುಗಳೇ ಇಲ್ಲ. ‘ಬ್ಯಾಟಲ್‌ಫೀಲ್ಡ್ 1942’ ಗೇಮಿನಲ್ಲಿ ಒಬ್ಬನೇ ಟ್ಯಾಂಕು ಓಡಿಸುತ್ತಾನೆ, ಅವನೇ ತೋಪು ಹಾರಿಸುತ್ತಾನೆ. ಐದು ಜನರ ಕೆಲಸ ಒಬ್ಬನ ಬೆರಳಿಗೆ. ‘ವಾರ್ ಥಂಡರ್’ ಟ್ಯಾಂಕಿನೊಳಗಿನ ಒಬ್ಬೊಬ್ಬ ಸಿಬ್ಬಂದಿಯನ್ನೂ ಅವನವನ ಜಾಗದಲ್ಲಿ ಕೂರಿಸಿ, ಗುಂಡಿನ ಚೂರು ಯಾರಿಗೆ ತಗುಲಿತು ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಶಹಬ್ಬಾಸ್. ಆದರೆ ಅದರಲ್ಲಿ ‘ರಿಯಲಿಸ್ಟಿಕ್’ ಅಂತ ಹೆಸರಿಟ್ಟ ವಿಭಾಗದಲ್ಲಿಯೇ ಆಟಗಾರ ತನ್ನ ಟ್ಯಾಂಕನ್ನು ಹೊರಗಿನಿಂದ, ಹಿಂದಿನಿಂದ, ಮೇಲಿನಿಂದ ನೋಡಬಹುದು. ಆ ಸೌಲಭ್ಯ ಬೇಡ ಅನ್ನುವವರು ‘ಸಿಮ್ಯುಲೇಟರ್’ ಎಂಬ ಇನ್ನೊಂದು ವಿಭಾಗಕ್ಕೆ ಹೋಗಬೇಕು.

ಕೋಡ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ: ಇಡೀ ಮೋಸ ಇರೋದು ಕ್ಯಾಮೆರಾದಲ್ಲಿ. ಕ್ಯಾಮೆರಾವನ್ನು ಟ್ಯಾಂಕಿನ ಹಿಂದೆ ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟಿದಿರಿ ಅಂದರೆ ಕುರುಡು ಜಾಗ ಮಾಯ. ಕುರುಡು ಜಾಗ ಮಾಯವಾದರೆ ಹೆದರಿಕೆ ಮಾಯ. ಹೆದರಿಕೆಯೇ ಇಲ್ಲದ ಮೇಲೆ ಪಿಸ್ತೂಲು ಕಿಂಡಿಗೂ ಹೊಗೆ ಮಾರ್ಟರಿಗೂ ಏನು ಕೆಲಸ? ಹಾಗಾಗಿ ಅವನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಬರೀ ಅಲಂಕಾರಕ್ಕೆ ಇಡುತ್ತಾರೆ. ಒಂದು ಸಾಲಿನ ತೀರ್ಮಾನ ಇಡೀ ಯುದ್ಧದ ಸ್ವಭಾವ ಬದಲಿಸುತ್ತದೆ.

ಇದು ಬರೀ ಗೇಮಿನ ಹುಚ್ಚರ ತಕರಾರು ಅನ್ನಬೇಡ್ರಿ. ನಮ್ಮ ದೇಶದ್ದೇ ಉದಾಹರಣೆ ಐತಿ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ್ ಹತ್ತಿರ ಅಸಲ್ ಉತ್ತರ್ ಕದನ ನಡೆಯಿತು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕಾಲಕ್ಕೆ ಬಲು ಹೊಸವು, 90 ಮಿಲಿಮೀಟರ್ ತೋಪಿನವು. ನಮ್ಮ ಕಡೆ ಸೆಂಚುರಿಯನ್ ಜೊತೆಗೆ ಡೆಕ್ಕನ್ ಹಾರ್ಸ್ ಪಡೆಯ ಹಳೇ ಶರ್ಮನ್‌ಗಳು. ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು, ಎತ್ತರದ ಕಬ್ಬಿನೊಳಗೆ ಅಡಗಿ ಕೂತರು. ಕಬ್ಬು, ಕಾಲುವೆ, ಕೆಸರು: ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ನಮ್ಮ ರೈತರಿಗೆ ಆ ರಣರಂಗದ ನಕ್ಷೆ ಬಿಡಿಸಿ ತೋರಿಸೋ ಅಗತ್ಯವೇ ಇಲ್ಲ. ಪ್ಯಾಟನ್‌ಗಳು ಕೆಸರಿನಲ್ಲಿ ಹೂತವು. 4 ಗ್ರೆನೇಡಿಯರ್ಸ್ ಪಡೆಯ ಅಬ್ದುಲ್ ಹಮೀದ್ ಒಂದು ಜೀಪಿನ ಮೇಲೆ 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ ಕಟ್ಟಿಕೊಂಡು, ಕಬ್ಬಿನ ಮರೆಯಿಂದ ಒಂದಾದ ಮೇಲೆ ಒಂದು ಟ್ಯಾಂಕು ಹೊಡೆದರು. ಸೆಪ್ಟೆಂಬರ್ 10ರಂದು ಅಲ್ಲೇ ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಟ್ಯಾಂಕು ಬಿಟ್ಟು ಕಬ್ಬಿನಲ್ಲಿ ಅಡಗಿದ್ದ ಪಾಕಿಸ್ತಾನಿ ಸಿಬ್ಬಂದಿ ಸೆರೆಯಾದರು.

ಈಗ ಇದನ್ನೇ ಗೇಮು ಮಾಡ್ರಿ. ಪ್ಯಾಟನ್ ಓಡಿಸುವ ಹುಡುಗನಿಗೆ ಕಬ್ಬಿನ ಸೋಗೆಯ ಮೇಲಿನಿಂದ ನೋಡುವ ಕ್ಯಾಮೆರಾ ಕೊಡ್ರಿ. ಮೊದಲ ನಿಮಿಷದಲ್ಲೇ ಅವನಿಗೆ ಜೀಪು ಕಾಣ್ತದ, ಅಬ್ದುಲ್ ಹಮೀದ್ ಒಂದು ಗುಂಡೂ ಹಾರಿಸದೇ ಸಾಯ್ತಾರ. ಅಸಲ್ ಉತ್ತರ್ ನಡೆಯೋದೇ ಇಲ್ಲ. ನಡೆದ ಇತಿಹಾಸವೇ ನಡೆಯಲಾರದಂಥ ಗೇಮಿಗೆ ‘ರಿಯಲಿಸ್ಟಿಕ್’ ಅಂತ ಯಾವ ಬಾಯಲ್ಲಿ ಅಂತೀರಿ?

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರ. 1971ರ ಡಿಸೆಂಬರ್ 16, ಬಸಂತರ್ ಕದನ. ಪೂನಾ ಹಾರ್ಸ್ ಪಡೆಯ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ಉರಿಯುವ ಸೆಂಚುರಿಯನ್ ಟ್ಯಾಂಕು ಬಿಟ್ಟು ಬರಲಿಲ್ಲ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅವರ ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿ ಇನ್ನೊಂದು ವಿವರ ಐತಿ. ಅದಕ್ಕೂ ಮೊದಲು ಅವರು ಶತ್ರುವಿನ ನೆಲೆಗಳ ಮೇಲೆ ಟ್ಯಾಂಕು ನುಗ್ಗಿಸಿ, ಕಾಲಾಳುಗಳನ್ನೂ ರಿಕಾಯಿಲ್‌ಲೆಸ್ ಗನ್ನಿನ ಸಿಬ್ಬಂದಿಯನ್ನೂ ಪಿಸ್ತೂಲು ತೋರಿಸಿ ಸೆರೆಹಿಡಿದರು. ಟ್ಯಾಂಕಿನವನ ಪಿಸ್ತೂಲು ಅಂದರೆ ಇದು. ಅದನ್ನು ಹಿಡಿಯುವಷ್ಟು ಹತ್ತಿರ ಬಂದವನಿಗೆ ಎದುರಿನವನ ಮುಖ ಕಾಣ್ತದ. ಮುಖ ಕಂಡ ಮೇಲೆ ಕೊಲ್ಲಬೇಕೋ, ಕೈ ಎತ್ತು ಅನ್ನಬೇಕೋ ಅಂತ ತೀರ್ಮಾನ ಮಾಡಬೇಕಾಗ್ತದ.

ಶರಣಾಗುವ ಬಟನ್ನು ಎಷ್ಟು ಗೇಮಿನಲ್ಲಿ ಇದೆ? ಕೈ ಎತ್ತಿದವನನ್ನು ಸೆರೆಹಿಡಿದರೆ ಅಂಕ ಕೊಡುವ ಗೇಮು ಎಷ್ಟಿವೆ? ಗೇಮಿನ ಪಿಸ್ತೂಲು ಕೊಲ್ಲಲಿಕ್ಕೆ ಮಾತ್ರ ಬಲ್ಲದು. ಪಿಸ್ತೂಲಿನ ಮಾಡೆಲ್ಲು, ಮ್ಯಾಗಜೀನಿನ ಗುಂಡಿನ ಸಂಖ್ಯೆ ಎಲ್ಲ ಕರಾರುವಾಕ್ಕು. ಅದರಿಂದ ಮನುಷ್ಯ ಏನು ಮಾಡಿದ ಅನ್ನೋದು ಮಾತ್ರ ತಪ್ಪು.

“ಏ ಬಿಡೋ ಮಾರಾಯಾ, ಗೇಮು ಅಂದ್ರ ಮಜಾ. ಕುರುಡನ ಹಂಗ ಕೂತು ಯಾರು ಆಡ್ತಾರ?” ಅಂತ ಗೆಳೆಯರು ಅಂತಾರೆ. ಮಜಾ ಬೇಕು, ಒಪ್ಪಿದೆ. ಚದುರಂಗದ ಆನೆ ನಿಜವಾದ ಆನೆಯಂಗ ನಡೆಯೋದಿಲ್ಲ, ಅದಕ್ಕೆ ಯಾರದೂ ತಕರಾರಿಲ್ಲ. ಯಾಕಂದ್ರ ಚದುರಂಗ ತನ್ನನ್ನು ‘ರಿಯಲಿಸ್ಟಿಕ್’ ಅಂತ ಮಾರಿಕೊಳ್ಳೋದಿಲ್ಲ. ಇನ್ನು, ಕುರುಡನಾಗಿ ಆಡೋದರಲ್ಲೂ ಮಜಾ ಇದೆ ಅಂತ ‘ಹೆಲ್ ಲೆಟ್ ಲೂಸ್’ ತೋರಿಸಿದೆ. ಅದರಲ್ಲಿ ಟ್ಯಾಂಕಿಗೆ ಮೂವರು ಬೇಕು: ಓಡಿಸುವವ, ತೋಪಿನವ, ನಾಯಕ. ಒಬ್ಬರಿಗೊಬ್ಬರು ಕೂಗಿ ಹೇಳಬೇಕು, ಸಣ್ಣ ಕಿಂಡಿಯಿಂದ ನೋಡಬೇಕು, ಹಿಂದಿನಿಂದ ಬಂದವನು ಸ್ಫೋಟಕ ಇಟ್ಟು ಹೋದರೆ ಎಲ್ಲರ ಕಥೆ ಮುಗೀತು. ಜನ ಆಡ್ತಾರ, ರೊಕ್ಕ ಕೊಟ್ಟು ಆಡ್ತಾರ.

ನನಗ್ಯಾಕೆ ಇಷ್ಟು ಸಿಟ್ಟು ಅಂದರೆ, ನಮ್ಮೂರ ಹುಡುಗರ ಸಲುವಾಗಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, ನಮ್ಮ ಜಿಲ್ಲೆಯಲ್ಲಿ ಸೈನ್ಯ ಸೇರೋದು ದೂರದ ಕನಸಲ್ಲ. ಬೆಳಗಿನ ಜಾವ ಭರ್ತಿಗಾಗಿ 1600 ಮೀಟರ್ ಓಡುವ ಹುಡುಗನೇ ರಾತ್ರಿ ಮೊಬೈಲಿನಲ್ಲಿ ಯುದ್ಧ ಆಡುತ್ತಾನೆ. ಹೊರಗಿನ ಕ್ಯಾಮೆರಾ ಅವನಿಗೆ ಕಲಿಸೋದು ಏನು? ಯುದ್ಧದಲ್ಲಿ ಎಲ್ಲಾ ಕಾಣ್ತದ, ದೊಡ್ಡ ಯಂತ್ರ ಇದ್ದವನಿಗೆ ಹೆದರಿಕೆ ಇಲ್ಲ, ಎದುರಿನವ ಶರಣಾಗೋದಿಲ್ಲ. ಮೂರೂ ಸುಳ್ಳು. ನಾಳೆ ಆ ಡಬ್ಬಿಯೊಳಗೆ ಕೂರುವವರು ಇವರೇ.

ಬೆಂಗಳೂರಿನವರಿಗೆ ಒಂದು ಮಾತು. ನಿಮ್ಮಲ್ಲಿ ಕೌಶಲ ಕಡಿಮೆ ಇಲ್ಲ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವರ್ಷಗಟ್ಟಲೆ ಹೊರದೇಶದ ದೊಡ್ಡ ಗೇಮುಗಳಿಗೆ ಕೆಲಸ ಮಾಡಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. 2021ರ ಜನವರಿ 26ರಂದು ಎನ್‌ಕೋರ್ ಗೇಮ್ಸ್ ಬಿಟ್ಟ ‘ಫೌ-ಜಿ’ ಗಾಲ್ವಾನ್ ಕಣಿವೆಯ ಕಥೆ ತಗೊಂಡು, ಬಂದೂಕು ಬದಿಗಿಟ್ಟು ಕೈಕೈ ಮಿಲಾಯಿಸುವ ಕಾದಾಟ ತೋರಿಸಿತು. ಗೇಮು ಹೆಂಗಿತ್ತು ಅನ್ನೋದು ಬೇರೆ ಮಾತು. ಅಲ್ಲಿ ನಡೆದ ಸಂಗತಿಯ ಮಿತಿಯನ್ನೇ ಆಟದ ನಿಯಮ ಮಾಡಿದ್ದು ಸರಿಯಾದ ದಾರಿ. ಅದೇ ದಾರಿಯಲ್ಲಿ ಅಸಲ್ ಉತ್ತರ್ ಮಾಡ್ರಿ. ಕ್ಯಾಮೆರಾ ಟ್ಯಾಂಕಿನೊಳಗೆ ಇಳಿಸ್ರಿ. ಸುತ್ತ ಕಬ್ಬು ಬೆಳೆಸ್ರಿ. ಕೈ ಎತ್ತಿದವನನ್ನು ಸೆರೆಹಿಡಿಯಲಿಕ್ಕೆ ಒಂದು ಬಟನ್ ಇಡ್ರಿ. ಆಮೇಲೆ ಬೇಕಾದರೆ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ರಿಯಲಿಸ್ಟಿಕ್’ ಅಂತ ಬರೀರಿ. ಮೊದಲ ಗಿರಾಕಿ ನಾನೇ.