ಡಬ್ಬ ಅಳೆಯುವವರು ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಕೂಲಿಗೆ ಎರಡು ಲೆಕ್ಕವಿದೆ. ಸೊಪ್ಪು ಹೊರಲು, ಗೊಬ್ಬರ ಹಾಕಲು, ಕಪ್ಪು (ಬಸಿಗಾಲುವೆ) ತೆಗೆಯಲು ದಿನಗೂಲಿ. ಅಡಿಕೆ ಸುಲಿಯಲು ಡಬ್ಬದ ಲೆಕ್ಕ, ಸುಲಿದು ತುಂಬಿದ ಡಬ್ಬಕ್ಕೆ ಇಷ್ಟು ಎಂದು. ಕೆಲಸ ಹೆಚ್ಚು ಮಾಡಲಿ ಕಡಿಮೆ ಮಾಡಲಿ, ಎಲ್ಲರಿಗೂ ಒಂದೇ ಸಂಬಳ ಕೊಡಬೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು.

ದಿನಗೂಲಿ ಮೇಲ್ನೋಟಕ್ಕೆ ಸಮಾನತೆಯ ಪದ್ಧತಿ. ಚುರುಕಿನವನಿಗೂ ನಿಧಾನದವನಿಗೂ ಸಂಜೆ ಕೈಗೆ ಬರುವುದು ಅಷ್ಟೇ. ಆದರೆ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಇನ್ನೊಂದು. ಒಂದೇ ಬಗೆಯ ಕೆಲಸಕ್ಕೆ ಹೀಗೆ ಭೇದ ಮಾಡಬಾರದೆಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. ತೋಟದ ಬೇಲಿ ದಾಟಿ ಅದು ಒಳಗೆ ಬಂದದ್ದು ಕಡಿಮೆ. ಅದೇ ಹೆಂಗಸು ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಳೆಂದರೆ ಮಾತೇ ಬೇರೆ. ಚೊಗರಿಗೆ ಬೆರಳು ಕಪ್ಪಾಗುತ್ತವೆ, ಕಾಯಿಗೆ ಗಾಯವಾಗದಂತೆ ಸಿಪ್ಪೆ ಬಿಡಿಸಬೇಕು. ತುಂಬಿದ ಡಬ್ಬಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. ದುಡಿದಷ್ಟಕ್ಕೆ ದುಡ್ಡು ಎಂಬ ಮಾತನ್ನು ಈ ಕಾರಣಕ್ಕೇ ನಾನು ತಳ್ಳಿಹಾಕುವುದಿಲ್ಲ.

ಆದರೆ ಡಬ್ಬ ಯಾರದು? ಗೋಪುರ ಬರುವಂತೆ ತುಂಬಬೇಕೋ, ಕಂಠದ ಮಟ್ಟಕ್ಕೋ? ಮರ ಸೊರಗಿ ಕಾಯಿ ಸಣ್ಣದಾದ ವರ್ಷ ಅದೇ ಡಬ್ಬ ತುಂಬಲು ಎಷ್ಟೋ ಹೆಚ್ಚು ಕಾಯಿ ಸುಲಿಯಬೇಕು. ಅದು ಸುಲಿಯುವವಳ ತಪ್ಪಲ್ಲ.

ಅಳತೆಯ ನ್ಯಾಯ ಈ ನೆಲಕ್ಕೆ ಹೊಸ ಮಾತೇನಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಸಾಗರದ ಗೇಣಿದಾರರು ಎತ್ತಿದ ತಕರಾರುಗಳಲ್ಲಿ ಒಂದು, ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದೆಂಬುದು. ಅವರ ಬೆಂಬಲಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮುಂದಾಳುಗಳಲ್ಲೊಬ್ಬರಾದ, ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದಲೇ ಗೆದ್ದು ಶಾಸನಸಭೆಗೆ ಹೋದರು. ಗೇಣಿ ಹೋಯಿತು, ಕೊಳಗವೂ ಹೋಯಿತು. ಅಳತೆ ಮಾತ್ರ ಇನ್ನೂ ಕೆಲಸ ಕೊಡುವವರ ಕೈಲೇ ಇದೆ. ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ನೌಕರರಿಗೆ ಅಂಕ ಕೊಡುವವರನ್ನೂ ಅಳತೆ ಯಾರದು ಎಂಬ ಇದೇ ಪ್ರಶ್ನೆ ಕೇಳಬೇಕು.

ಸುಲಿತ ಶುರುವಾಗುವ ಮುಂಚೆಯೇ ಡಬ್ಬದ ಗಾತ್ರ, ದರ ಎರಡನ್ನೂ ಸುಲಿಯುವವರ ಎದುರೇ ಗೊತ್ತುಮಾಡಬೇಕು. ಕಾಯಿ ಸಣ್ಣದಾದರೆ ದರ ಏರಬೇಕು. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಒಂದು ದಾರಿಯಿತ್ತು: ತುಂಡು ಕೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡದೆ ಹೊತ್ತಿನ ಲೆಕ್ಕದ ದರವಷ್ಟೇ ಇದ್ದರೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಅದು ತಳಪಾಯವಾಗಲಿ, ಹೆಚ್ಚು ಸುಲಿದವರಿಗೆ ಅದರ ಮೇಲೆ ಹೆಚ್ಚು ಸಿಗಲಿ. ಬೆರಳು ಮರಗಟ್ಟಿದ ಅಜ್ಜಿಗೆ ಇಡೀ ದಿನ ಕೂತರೂ ಅಷ್ಟು ಹುಟ್ಟದಿದ್ದರೆ, ಉಳಿದದ್ದನ್ನು ತೋಟದವರೇ ತುಂಬಿಕೊಡಬೇಕು. ಅಡಿಕೆಗೆ ಧಾರಣೆ ಬಂದ ವರ್ಷವೂ ಇದನ್ನು ಹೊರೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ.