ಮುಳ್ಳು ಏಳದ ಸ್ಪೀಡೋಮೀಟರ್: ಬದಲಿಸಬೇಕೆ, ಬೇಡವೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಓಡುವ ಹಳೇ ಮಾರುತಿ 800, ಅಂಬಾಸಿಡರ್, ಜೀಪುಗಳೊಳಗೆ ಇಣುಕಿದರೆ ಕೆಲವದರಲ್ಲಿ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೇ ಮಲಗಿರುತ್ತದೆ. ಹೊಸದು ಹಾಕಿಸಬೇಕೆ?

ಪರ

ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಗಂಟೆಗೆ 60ರಂತೆ ಹೋದರೆ 40 ನಿಮಿಷ, 80ರಂತೆ ಹೋದರೆ ಅರ್ಧ ಗಂಟೆ. ಉಳಿಯುವುದು ಹತ್ತೇ ನಿಮಿಷ. ಆದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಮುಕ್ಕಾಲು ಪಟ್ಟಿಗಿಂತ ಹೆಚ್ಚು ಬೆಳೆದಿರುತ್ತದೆ. ಎಂಜಿನ್ ಸದ್ದಿನಲ್ಲೇ ವೇಗ ತಿಳಿಯುತ್ತದೆ ಎನ್ನುವವರು ಬಹಳ. ಆದರೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಅರ್ಧ ಗಂಟೆ ನೇರ ಓಡಿಸಿದ ಮೇಲೆ ಕಣ್ಣು, ಕಿವಿ ಎರಡೂ ವೇಗಕ್ಕೆ ಒಗ್ಗಿಹೋಗುತ್ತವೆ. ಊರು ಬಂತೆಂದು 40ಕ್ಕೆ ಇಳಿಸಿದೆ ಅಂದುಕೊಂಡವನು 60ರಲ್ಲೇ ನುಗ್ಗುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಹವಳಗಾ, ಭೂಸನೂರ ಕಾರ್ಖಾನೆಗಳ ದಾರಿಯಲ್ಲಿ, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರ್ ಕತ್ತಲಲ್ಲಿ ಎದುರಾದರೆ ಆ 20 ಕಿ.ಮೀ. ಅಂತರದ ಬೆಲೆ ಗೊತ್ತಾಗುತ್ತದೆ.

ಕಾನೂನೂ ಇದೆ. ಸ್ಪೀಡೋಮೀಟರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಹೇಳುತ್ತದೆ. ಸ್ವಂತ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಲು ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ಮೊಬೈಲಿನ ಜಿಪಿಎಸ್ ಸಾಕು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ವಿರೋಧ

ವೇಗ ಗೊತ್ತಾಗಬೇಕು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಮೀಟರನ್ನೇ ಕಿತ್ತು ಬಿಸಾಡುವ ಆತುರದ ಬಗ್ಗೆ (ನನ್ನ ಒಲವೂ ಈ ಕಡೆಗೇ).

ಹಳೇ ಕಾರಿನ ಮೀಟರ್ ಸರಳ ಯಂತ್ರ. ಸ್ಟ್ರಾಸ್‌ಬರ್ಗಿನ ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ತತ್ವವೇ ಅದರೊಳಗೂ ಇದೆ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆಯೇ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲು ಆ ಸೆಳೆತಕ್ಕೆ ತಿರುಗಲು ನೋಡುತ್ತದೆ, ಸಣ್ಣ ಸುರುಳಿ ಸ್ಪ್ರಿಂಗ್ ಹಿಡಿದು ನಿಲ್ಲಿಸುತ್ತದೆ. ಮುಳ್ಳು ಆ ಬಟ್ಟಲಿನದು. ಇದರಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಕೇಬಲ್. ಮುಳ್ಳು ನಡುಗುತ್ತಿದ್ದರೆ ಕೇಬಲಿನ ಗ್ರೀಸ್ ಒಣಗಿರಬಹುದು, ಇಲ್ಲವೇ ಅದು ಎಲ್ಲೋ ಮಡಚಿರಬಹುದು. ಮುಳ್ಳೂ ಕಿಲೋಮೀಟರ್ ಅಂಕಿಯೂ ಒಟ್ಟಿಗೆ ನಿಂತಿದ್ದರೆ ಕೇಬಲ್ ತುಂಡಾಗಿದೆ, ಅಥವಾ ಗೇರ್‌ಬಾಕ್ಸಿನಲ್ಲಿ ಅದನ್ನು ತಿರುಗಿಸುವ ಹಲ್ಲು ಸವೆದಿದೆ. ಮುಳ್ಳು ಆಡುತ್ತ ಅಂಕಿ ಮಾತ್ರ ನಿಂತಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಮುರಿದಿರಬೇಕು. ಕೇಬಲ್ ಬಿಚ್ಚಿ ನೋಡದೆ ಹೊಸ ಮೀಟರ್ ತರಿಸುವ ಮಿಸ್ತ್ರಿಗೆ ಗಾಡಿ ಕೊಡಬೇಡಿ.

ಇನ್ನು ಗುಜರಿಯಿಂದ ತಂದ ಬೇರೆ ಮಾಡೆಲ್ಲಿನ ಮೀಟರು. ಒಂದು ಕಿ.ಮೀ.ಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ ಎಲ್ಲ ಗಾಡಿಗೂ ಒಂದೇ ಅಲ್ಲ. ಲೆಕ್ಕ ಹೊಂದದ ಮೀಟರು 80ರಲ್ಲಿ ಓಡುವ ಗಾಡಿಗೆ 65 ಎಂದು ತೋರಿಸಬಹುದು. ಸತ್ತ ಮೀಟರನ್ನು ಯಾರೂ ನಂಬುವುದಿಲ್ಲ, ಸುಳ್ಳು ಹೇಳುವ ಮೀಟರನ್ನು ಎಲ್ಲರೂ ನಂಬುತ್ತಾರೆ.

ಮೀಟರ್ ಹೋದರೆ ಅದರ ಜೊತೆ ಗಾಡಿ ಓಡಿದ ಕಿಲೋಮೀಟರ್ ಲೆಕ್ಕವೂ ಹೋಗುತ್ತದೆ. ನಾಳೆ ಕೊಳ್ಳುವವನು 2 ಲಕ್ಷ ಓಡಿದ ಗಾಡಿಯಲ್ಲಿ 12,000 ಎಂದು ಓದಿ ಹಣ ಕೊಡುತ್ತಾನೆ. ಅಮೆರಿಕ 1972ರಲ್ಲೇ ಈ ಅಂಕಿ ತಿರುಚುವುದನ್ನು ಕಾನೂನಿನಿಂದ ನಿಷೇಧಿಸಿತು. ಕೇಬಲ್ ಸರಿಯಿದ್ದೂ ಮೀಟರೇ ಕೆಟ್ಟಿದ್ದು, ಬೇರೆ ದಾರಿಯೇ ಇಲ್ಲವಾದರೆ ಅದೇ ಮಾಡೆಲ್ಲಿನದನ್ನೇ ಹಾಕಿಸಿ. ಹಳೇ ಅಂಕಿಯನ್ನು ತಾರೀಖಿನ ಸಮೇತ ಬಿಲ್ಲಿನ ಮೇಲೆ ಬರೆಸಿ, ಆ ಬಿಲ್ಲನ್ನು ಆರ್‌ಸಿ ಜೊತೆಗೇ ಇಡಿ.